ಉಡಿ ಹತ್ತಿಯ ಮಂಚ

ಅವರನ್ನು ಇಡೀ ತಾಲೂಕು ಉಚ್ಚಿ ಮಾಸ್ತರ ಎಂದು ಕರೆಯುತ್ತಿತ್ತು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರಿಗೆ ಸಿಟ್ಟೂ ಬರುತ್ತಿರಲಿಲ್ಲ. "ಕರೀರಿ, ಕರೀರಿ. ನಾಳೆ ಮುಂಜಾನೆ ಬಾಟ್ಲಿ ತರೂದು ಮಾತ್ರ ಮರೀಬ್ಯಾಡ್ರಿ" ಎಂದು ನಗುತ್ತ ಸೈಕಲ್ ಹತ್ತುತ್ತಿದ್ದರು.

ಅವರು ಕಟ್ಟಿದ ಸಂಸ್ಥೆ ಈಗ ದೊಡ್ಡದಾಗಿದೆ. ತಾಲೂಕಿನ ಬಡವರಿಗೆ ಕಡಿಮೆ ಖರ್ಚಿನಲ್ಲಿ ಡಯಾಲಿಸಿಸ್ ಮಾಡಿಸುತ್ತದೆ, ಹಳ್ಳಿ ಹಳ್ಳಿಗೆ ಹೋಗಿ ಕಿಡ್ನಿ ತಪಾಸಣೆ ನಡೆಸುತ್ತದೆ. ಮೊನ್ನೆ ಅಲ್ಲಿಂದ ಇಬ್ಬರು ಬಂದಿದ್ದರು. ಮಾಸ್ತರರ ನೆನಪಿಗೆ ಒಂದು ಸಂಚಿಕೆ ತರುತ್ತಾರಂತೆ. "ಬಾಯಾರ, ನೀವು ಅವರ ಜೋಡಿ ಓಡಾಡಿದವರು. ನಾಕ ಛಲೋ ಮಾತು ಬರದು ಕೊಡ್ರಿ" ಎಂದರು. ನಾಲ್ಕೇ ಸಾಕೇನು ಎಂದು ಕೇಳಿದೆ. ಅವರಿಗೆ ನನ್ನ ದನಿ ಅರ್ಥವಾಗಲಿಲ್ಲ, ಚಹಾ ಕುಡಿದು ಎದ್ದು ಹೋದರು. ನನ್ನ ಹತ್ತಿರ ಒಳ್ಳೆಯ ಮಾತುಗಳು ನಾಲ್ಕಕ್ಕಿಂತ ಹೆಚ್ಚೇ ಇವೆ. ಅವನ್ನೆಲ್ಲ ಬರೆಯುತ್ತೇನೆ. ಉಳಿದದ್ದನ್ನೂ ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ನವಲಗುಂದ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ ಮಾಸ್ತರಣಿ, ಊರವರ ಮಾತಿನಲ್ಲಿ ಬಾಯಾರು. ನಮ್ಮ ಮನೆಯವರು ಹೊಲ ನೋಡಿಕೊಳ್ಳುತ್ತಿದ್ದರು. ಒಂದು ದಿನ ಎತ್ತರದ, ಬಡಕಲು ಮನುಷ್ಯರೊಬ್ಬರು ಶಾಲೆಯ ಪಡಸಾಲೆಗೆ ಸೈಕಲ್ ಒರಗಿಸಿದರು. ಬಿಳಿ ಧೋತರ, ಮಾಸಿದ ಕೋಟು, ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿಗೆಯ ಪೆಟ್ಟಿಗೆ. ನವಲಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಈ ಕೆಲಸಕ್ಕೆ ಬಿದ್ದಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಪೆಟ್ಟಿಗೆಯೊಳಗೆ ಸ್ಪಿರಿಟ್ ದೀಪ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಾಜಿನ ನಳಿಕೆಗಳು. ಉಚ್ಚೆಯನ್ನು ನಳಿಕೆಯಲ್ಲಿ ಹಾಕಿ ದೀಪಕ್ಕೆ ಹಿಡಿಯುವುದು, ಕಾದಾಗ ಅದು ಒಡೆದ ಹಾಲಿನಂತೆ ಬೆಳ್ಳಗಾದರೆ ಆ ಮನುಷ್ಯನ ಕಿಡ್ನಿಗೆ ಏನೋ ಆಗಿದೆ ಎಂದು ತಿಳಿಯುವುದು. ಇಷ್ಟೇ ಅವರ ವಿದ್ಯೆ.

ಇಷ್ಟನ್ನು ನಮ್ಮ ಜನರಿಗೆ ಒಪ್ಪಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಉಚ್ಚೆ ಒಯ್ದು ಮಾಟ ಮಾಡಿಸುತ್ತಾನೆ ಎಂದು ಕೆಲವರು ಬಾಗಿಲು ಹಾಕಿಕೊಂಡರು. ಮೊದಲ ದಿನ ಬಂದವಳು ಒಬ್ಬಳೇ ಮುದುಕಿ, ಹೊಳೆಯುವ ಹಿತ್ತಾಳೆ ತಂಬಿಗೆ ಹಿಡಿದು ಬಂದಿದ್ದಳು. ಮಾಸ್ತರು ನಳಿಕೆಗೆ ಸುರಿದು, ಮೂಸಿ, ಅವಳ ಮುಖ ನೋಡಿದರು. ಉಚ್ಚೆ ಬೇಕು ಎಂದರೆ ಆಕಳದೇ ಇರಬೇಕು, ಮನುಷ್ಯರದನ್ನು ಯಾರಾದರೂ ಕೇಳುತ್ತಾರೆಯೇ ಎಂದು ಆಕೆ ತಿಳಿದಿದ್ದಳು. ಅವರು ನಗಲಿಲ್ಲ. ಅದನ್ನೂ ದೀಪಕ್ಕೆ ಹಿಡಿದು ಕಾಯಿಸಿದರು. "ಯವ್ವಾ, ನಿಮ್ಮ ಆಕಳ ಗಟ್ಟಿ ಐತಿ. ನಾಳೆ ನಿಂದು ತಾ" ಎಂದರು. ಮರುದಿನ ಆ ಮುದುಕಿಯ ಹಿಂದೆ ಅರ್ಧ ಓಣಿಯೇ ಬಂತು.

ಮಾತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹೆಂಗಸರನ್ನು ಕೂಡಿಸಿಕೊಂಡು ಹೇಳುತ್ತಿದ್ದರು: "ಕಿಡ್ನಿ ಅಂದ್ರ ಮನ್ಯಾಗಿನ ಸೊಸಿ ಇದ್ದಂಗ್ರಿ. ಹಿತ್ತಲದಾಗ ದುಡೀತಿರ್ತೈತಿ. ನೋವಾತು ಅಂತ ಬಾಯಿ ಬಿಡಂಗಿಲ್ಲ. ಬಾಯಿ ಬಿಟ್ಟ ದಿನ ಆಕಿ ಕತಿ ಮುಗದಿರ್ತೈತಿ." ಹೆಂಗಸರು ಮೊದಲು ನಗುತ್ತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾಗುತ್ತಿದ್ದರು. ಕಳೆ ತೆಗೆದು ಸೊಂಟ ನೋಯುತ್ತದೆಂದು ಕಿರಾಣಿ ಅಂಗಡಿಯ ನೋವಿನ ಗುಳಿಗೆಗಳನ್ನು ಪುಟಾಣಿ ತಿಂದಂತೆ ತಿನ್ನುವ ರೂಢಿ ನಮ್ಮಲ್ಲಿತ್ತು. ಅದನ್ನು ಬಿಡಿಸಲು ಅವರು ಅಂಗಡಿಯವನ ಜೊತೆ ಸಂತೆಯಲ್ಲೇ ಜಗಳಾಡಿದರು. ಮದುವೆಯ ಪಂಕ್ತಿಯಲ್ಲಿ ಎಲೆಯ ತುದಿಗೆ ಬಡಿಸಿದ ಉಪ್ಪನ್ನು ತಾವೇ ಚಿವುಟಿ ತೆಗೆಯುತ್ತ ಹೋಗುತ್ತಿದ್ದರು. ಬೀಗರ ಎಲೆಗೂ ಕೈ ಹಾಕಿ ಒಮ್ಮೆ ದೊಡ್ಡ ರಂಪವೇ ಆಯಿತು. ಯಮನೂರಿನ ದರ್ಗಾಕ್ಕೆ ಹೋಗುವ ಜನರನ್ನೂ ಬಿಡದೆ ಹಳ್ಳದ ದಂಡೆಯಲ್ಲಿ ದೀಪ ಹಚ್ಚಿ ಕೂಡುತ್ತಿದ್ದರು.

ಶಾಲೆ ಬಿಟ್ಟ ಮೇಲೆ ನಾನೂ ಅವರ ಜೊತೆ ಮನೆ ಮನೆ ತಿರುಗತೊಡಗಿದೆ. ಹೆಂಗಸರ ಹತ್ತಿರ ಬಾಟಲಿ ಕೇಳಲು ಹೆಂಗಸೊಬ್ಬಳು ಬೇಕಿತ್ತು. ನಮ್ಮ ಮನೆಯವರಿಗೂ ಮಾಸ್ತರರೆಂದರೆ ಪ್ರಾಣ. "ನೀ ರೊಟ್ಟಿ ಮಾಡದಿದ್ರ ನಡೀತೈತಿ, ಮಾಸ್ತರ ಕೆಲಸಕ್ಕ ಮಾತ್ರ ತಪ್ಪಿಸಬ್ಯಾಡ" ಎನ್ನುತ್ತಿದ್ದರು. ಹಾಗೆ ಅನ್ನುವ ಗಂಡಸರು ಆಗ ಎಷ್ಟು ಜನ ಇದ್ದರು?

ಒಂದೇ ಒಂದು ವಿಷಯಕ್ಕೆ ಮಾಸ್ತರರ ಮೇಲೆ ಊರಿಗೆ ಅಸಮಾಧಾನವಿತ್ತು. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಬರುವುದು ಬೆಲ್ಲ ಮತ್ತು ನೀರು. ಅದನ್ನು ಬೇಡ ಎನ್ನುವುದೆಂದರೆ ಆ ಮನೆಯನ್ನೇ ಬೇಡ ಎಂದಂತೆ. ಮಾಸ್ತರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರಿನ ತಂಬಿಗೆಯನ್ನು ಹಿಂದೆ ಸರಿಸುತ್ತಿದ್ದರು. ಒಂದು ಸಂಜೆ ಓಣಿಯ ಹಿರಿಯ ಗದಿಗೆಪ್ಪ ಕಾಕಾ ತಂಬಿಗೆಯನ್ನು ಅವರ ಮುಂದೆ ಕುಕ್ಕಿ ಕೇಳಿಯೇಬಿಟ್ಟರು.

"ಯಾಕ್ರಿ ಮಾಸ್ತರ, ನಮ್ಮ ಉಚ್ಚಿ ನಡೀತೈತಿ, ನಮ್ಮ ನೀರ ನಡ್ಯಂಗಿಲ್ಲೇನ? ಯಾವ ಜಾತಿ ಲೆಕ್ಕರೀ ಇದು?"

ಮಾಸ್ತರು ಬಿಳಿಚಿಕೊಂಡರು. ತಂಬಿಗೆಯನ್ನು ಮತ್ತೆ ಪಕ್ಕಕ್ಕೆ ಸರಿಸಿ, "ಜಾತಿ ಅಲ್ಲೋ ಯಪ್ಪಾ. ಕಿಡ್ನಿ ತೊಳಿಯೂ ಮಷಿನ್ ನಮ್ಮ ಜನರ ಕೈಗೆ ಸಿಗೂತನಕಾ ಯಾರ ಮನ್ಯಾಗೂ ನೀರ ಮುಟ್ಟಂಗಿಲ್ಲ ಅಂತ ದೇವರ ಮುಂದ ಹೇಳೇನಿ" ಎಂದರು.

ಗದಿಗೆಪ್ಪ ಕಾಕಾ ಎದ್ದು ಅವರ ಕಾಲು ಮುಟ್ಟಿದರು. ಮರುದಿನದಿಂದ ಮಾಸ್ತರು ನಮ್ಮ ಪಾಲಿಗೆ ಬರೀ ಮಾಸ್ತರಲ್ಲ, ವ್ರತ ಹಿಡಿದವರು. ಬಾಯಾರಿದ ಮನುಷ್ಯ ನಮ್ಮ ಸಲುವಾಗಿ ನೀರು ಬಿಟ್ಟಿದ್ದಾನೆ ಎಂಬ ಮಾತು ಹಳ್ಳಿಯಿಂದ ಹಳ್ಳಿಗೆ ಹೋಯಿತು. ಆ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ, ಕೂಲಿಗೆ ಹೋದ ಹೆಂಗಸರು ತಮ್ಮ ಪಾಲಿಗೆ ಬಂದ ಹತ್ತಿಯಲ್ಲಿ ಒಂದೊಂದು ಉಡಿ, ಸೆರಗಿನ ಮಡಿಲು ತುಂಬುವಷ್ಟು, ತೆಗೆದು ಮಾಸ್ತರರ ಹೆಸರಿಗೆ ಇಟ್ಟರು. ಯಾರೂ ಹಾಗೆ ಮಾಡಿರೆಂದು ಹೇಳಿರಲಿಲ್ಲ. ಮಗಳಿಗೆ ಉಡಿ ತುಂಬುವವರು ಮಾಸ್ತರರ ಬಂಡಿಗೆ ಉಡಿ ಸುರಿದರು. ಹತ್ತಿ ತುಂಬಿದ ಬಂಡಿಗಳು ಅಣ್ಣಿಗೇರಿಯ ಮಿಲ್ಲಿಗೆ ಹೋದವು. ಮೊದಲ ಬಂಡಿಯನ್ನು ನಮ್ಮ ಮನೆಯವರೇ ಹೊಡೆದುಕೊಂಡು ಹೋದರು, ಎತ್ತಿನ ಕೋಡಿಗೆ ರಿಬ್ಬನ್ ಕಟ್ಟಿ.

ಮಷಿನ್ನು ತಾಲೂಕಿಗೆ ಬರಲಿಲ್ಲ. ಬಂದರೂ ನಡೆಸುವ ಡಾಕ್ಟರಿರಲಿಲ್ಲ, ನಂಬಿಕೆಯ ಕರೆಂಟು ಇರಲಿಲ್ಲ. ಮಾಸ್ತರು ಓಡಾಡಿ, ರೈಲಿನ ದಾರಿಯ ದೊಡ್ಡ ಊರೊಂದರ ಧರ್ಮದ ಆಸ್ಪತ್ರೆಯವರನ್ನು ಒಪ್ಪಿಸಿದರು. ಹತ್ತಿಯಿಂದ ಬಂದದ್ದನ್ನೆಲ್ಲ ಅಲ್ಲಿಗೆ ಕೊಟ್ಟದ್ದಕ್ಕೆ ಮಷಿನ್ನಿನ ಹತ್ತಿರದ ಒಂದು ಮಂಚ ಸದಾ ನಮ್ಮ ತಾಲೂಕಿನ ರೋಗಿಗೆ ಮೀಸಲು. ಯಾರನ್ನು ಕಳಿಸಬೇಕೆಂದು ಹೇಳುವವರು ಮಾಸ್ತರು. ನಮ್ಮ ಹೆಂಗಸರು ಅದಕ್ಕೆ ಉಡಿ ಹತ್ತಿ ಮಂಚ ಎಂದು ಹೆಸರಿಟ್ಟರು. ಆ ಊರನ್ನು ಕಾಣದವರೂ ತಮ್ಮ ಮನೆಯ ಮಂಚದ ಬಗ್ಗೆ ಹೇಳಿದಂತೆ ಹೇಳುತ್ತಿದ್ದರು.

ಮಂಚ ಒಂದು, ರೋಗಿಗಳು ಇಬ್ಬರಾದರೆ? ಈ ಪ್ರಶ್ನೆಯನ್ನು ಮಾಸ್ತರೇ ನಮ್ಮ ಶಾಲೆಯ ಪಡಸಾಲೆಯಲ್ಲಿ ಜನರ ಮುಂದಿಟ್ಟರು. ಉತ್ತರವನ್ನೂ ಅವರೇ ಹೇಳಿದರು. ಹಾವು ಕಚ್ಚಿದವರು, ಬಾಣಂತನದಲ್ಲಿ ರಕ್ತ ಹೋದವರು, ವಾಂತಿಭೇದಿಯಲ್ಲಿ ಸೊರಗಿದವರು, ಇಂಥವರ ಕಿಡ್ನಿ ಸತ್ತಿರುವುದಿಲ್ಲ, ಮೂರ್ಛೆ ಹೋಗಿರುತ್ತದೆ. ಕೆಲವು ಸಲ ರಕ್ತ ತೊಳೆದರೆ ತಾನೇ ಏಳುತ್ತದೆ, ಮನುಷ್ಯ ಮೊದಲಿನಂತಾಗುತ್ತಾನೆ. ವರ್ಷಗಟ್ಟಲೆ ಹಾಳಾದ ಕಿಡ್ನಿ ಹಾಗಲ್ಲ. ತೊಳೆದರೂ ತುಸು ದಿನ ಮುಂದೂಡಬಹುದು, ಅಷ್ಟೇ. "ಬಾಡಿದ ಗಿಡಕ್ಕ ಮೊದಲ ನೀರ ಹಾಕೂಣು. ಒಣಗಿದ್ದನ್ನ ಆಮ್ಯಾಲ ನೋಡೂಣು. ಒಪ್ಪಿಗಿ ಐತೇನ್ರಿ?" ಎಂದರು. ಎಲ್ಲರೂ ಒಪ್ಪಿದರು. ಫಕೀರವ್ವನೂ ಒಪ್ಪಿದಳು.

ಫಕೀರವ್ವ ನಮ್ಮ ಓಣಿಯವಳು. ಅವಳ ಒಬ್ಬಳೇ ಮಗಳಿಗೆ ಸಣ್ಣಂದಿನಿಂದ ಮುಖ ಕಾಲು ಬಾತುಕೊಳ್ಳುತ್ತಿತ್ತು, ನಳಿಕೆಯಲ್ಲಿ ಅವಳದು ಯಾವಾಗಲೂ ಬೆಳ್ಳಗೆ. ಮಂಚ ಸಿಕ್ಕ ಮುಂದಿನ ಬೇಸಗೆಯಲ್ಲಿ ಹುಡುಗಿಗೆ ಉಸಿರು ಸಾಲದಂತಾಯಿತು. ಅದೇ ವಾರ ಪಕ್ಕದ ಹಳ್ಳಿಯ ಬಾಣಂತಿಯೊಬ್ಬಳಿಗೆ ಉಚ್ಚೆ ನಿಂತಿತು. ಮಾಸ್ತರು ಫಕೀರವ್ವನ ಮನೆಗೆ ಹೋಗಿ ಹೊಸ್ತಿಲ ಮೇಲೆ ಕುಳಿತರು. ನಾನೂ ಜೊತೆಗಿದ್ದೆ. ಅವರಿಗೆ ಮಾತು ಹೊರಡಲಿಲ್ಲ, ಅವಳೇ ಆಡಿದಳು. "ಆ ಕೂಸಿನ ತಾಯಿ ಹೋಗ್ಲಿ ಬಿಡ್ರಿ. ನಂದು ಒಣಗಿದ್ದು ಅಂತ ನನಗ ಗೊತ್ತೈತಿ" ಎಂದಳು. ಬಾಣಂತಿ ಹೋದಳು, ಗುಣವಾಗಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದುಕೊಂಡೇ ಊರಿಗೆ ಬಂದಳು. ಫಕೀರವ್ವನ ಮಗಳು ಮನೆಯಲ್ಲೇ ಸತ್ತಳು. ಮಾಸ್ತರು ಆ ಮನೆಯಲ್ಲಿ ದೊಡ್ಡ ದನಿ ತೆಗೆದು ಅತ್ತರು. ಇಂಥ ಮನುಷ್ಯ ಇನ್ನೊಬ್ಬರಿಲ್ಲ ಎಂದು ನಾನು ಅಂದು ನಂಬಿದೆ. ಆ ಅಳು ನಾಟಕವಾಗಿತ್ತು ಎಂದು ಇವತ್ತಿಗೂ ನಾನು ಹೇಳುವುದಿಲ್ಲ.

ಮರುವರ್ಷ ಹತ್ತಿ ಒಡೆಯುವ ಹೊತ್ತಿಗೆ ನಮ್ಮ ಮನೆಯವರಿಗೆ ಹೊಲದಲ್ಲಿ ಕೊಳಕಮಂಡಲ ಹಾವು ಕಚ್ಚಿತು. ಬಂಡಿಯಲ್ಲಿ, ಬಸ್ಸಿನಲ್ಲಿ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಿದೆವು. ಇಂಜೆಕ್ಷನ್ನಿನಿಂದ ವಿಷ ಇಳಿಯಿತು. ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ಉಚ್ಚೆ ನಿಂತು ಮುಖ ಬಾತಿತು. ಅಲ್ಲಿಯ ಡಾಕ್ಟರು ಇದಕ್ಕೆ ಮಷಿನ್ನೇ ಬೇಕೆಂದು ಕೈಚೆಲ್ಲಿದಾಗ, ನಂಬುತ್ತೀರೋ ಇಲ್ಲವೋ, ನನಗೆ ಧೈರ್ಯ ಬಂತು. ನಮಗೆ ಮಂಚವಿತ್ತು. ಇದು ಬಾಡಿದ ಗಿಡ, ಒಣಗಿದ್ದಲ್ಲ. ಕೆಲವು ಸಲ ತೊಳೆದರೆ ಮುಗಿಯಿತು.

ನವಲಗುಂದದ ಮಾಸ್ತರರ ಮನೆಗೆ ಹೋದರೆ ಬೀಗ. "ಆಸ್ಪತ್ರಿ ಕೆಲಸ ಐತಿ ಅಂತ ಹೇಳಿ ಮಂಚದ ಊರಿಗೆ ಹೋಗ್ಯಾರ್ರೀ" ಎಂದರು ಬಾಜು ಮನೆಯವರು. ನಮ್ಮ ದೈವವೇ ದೈವ, ಮಾಸ್ತರು ಅಲ್ಲೇ ಇದ್ದಾರೆ ಎಂದುಕೊಂಡೆ. ಅಣ್ಣಿಗೇರಿಯಲ್ಲಿ ರೈಲು ಹತ್ತಿದೆವು.

ಬೆಳಿಗ್ಗೆ ಆಸ್ಪತ್ರೆ ಮುಟ್ಟಿದಾಗ ಇವರನ್ನು ಗಾಲಿಮಂಚದ ಮೇಲೆ ಮಲಗಿಸಿ ಪಡಸಾಲೆಯಲ್ಲಿ ನಿಲ್ಲಿಸಿದರು. ನಾನು ಒಳಗೆ ಹೋದೆ. ಗೋಡೆಗೆ ನಮ್ಮ ತಾಲೂಕಿನ ಹೆಸರಿನ ಹಲಗೆ ಇತ್ತು, ಅದರ ಕೆಳಗೆ ಉಡಿ ಹತ್ತಿ ಮಂಚ. ಅದರ ಮೇಲೆ ಮಾಸ್ತರು ಮಲಗಿದ್ದರು. ಕೈಗೆ ರಬ್ಬರ್ ನಳಿಕೆ ಸಿಕ್ಕಿಸಿದ್ದರು, ಮಷಿನ್ನಿಗೆ ಇನ್ನೂ ಹಚ್ಚಿರಲಿಲ್ಲ. ನರ್ಸ್ ಒಂದು ಸಣ್ಣ ಬಟ್ಟಲಲ್ಲಿ ಅಳತೆಯ ನೀರು ತಂದು ಕುಡಿಸಿ, ಇವತ್ತಿನದು ಇಷ್ಟೇ ಎಂದು ಬಟ್ಟಲನ್ನು ಒಯ್ದಳು.

ಆ ಬಟ್ಟಲು ನೋಡಿದಾಗ ವ್ರತ ಎಂಥದೆಂದು ತಿಳಿಯಿತು. ಕಿಡ್ನಿ ಹೋದವರಿಗೆ ನೀರು ಅಳತೆಯಲ್ಲಿ ಕೊಡಬೇಕೆಂದು ನನಗೆ ಕಲಿಸಿದವರು ಅವರೇ. ಗದಿಗೆಪ್ಪ ಕಾಕಾ ಕಾಲು ಮುಟ್ಟಿದ ದಿನಕ್ಕಾಗಲೇ ಮಾಸ್ತರರ ಕಿಡ್ನಿ ಕೆಟ್ಟಿತ್ತು. ನೀರು ಕುಡಿಯುವಂತಿರಲಿಲ್ಲ, ಹೇಳಲು ಮನಸ್ಸಿರಲಿಲ್ಲ, ದೇವರ ಹೆಸರು ಹೇಳಿದರು. ನಮ್ಮ ಹೆಂಗಸರು ಉಡಿ ಸುರಿದದ್ದು ಆ ಮಾತಿಗೆ.

ಬೆಳಗಾವಿ ಕಡೆಯ ಡಾಕ್ಟರೊಬ್ಬರು ಅಲ್ಲಿದ್ದರು. ನಮ್ಮ ಮನೆಯವರನ್ನು ಪರೀಕ್ಷಿಸಿ ನನ್ನನ್ನು ಬದಿಗೆ ಕರೆದರು. "ಇವತ್ತ ತೊಳೀಬೇಕ್ರಿ, ನಾಳಿಂದು ನಾ ಹೇಳಂಗಿಲ್ಲ. ಉಳದ ಪಾಳಿ ಎಲ್ಲಾ ಬ್ಯಾರೆ ರೋಗಿಗೋಳ್ವು. ನಿಮ್ಮ ತಾಲೂಕಿನ ಪಾಳಿ ದಿನಕ್ಕ ಒಂದ. ಅದು ನಿಮ್ಮ ಮಾಸ್ತರ ಕೈಯಾಗೈತಿ. ಅವರು ಬಿಟ್ಟ ಕೊಟ್ರ ಈಗಿಂದೀಗ ಹಚ್ಚತೇನಿ" ಎಂದರು. ಆಮೇಲೆ ದನಿ ತಗ್ಗಿಸಿ, "ಅವರದು ಹಳೇ ಜಡ್ಡು. ಎಷ್ಟ ತೊಳದ್ರೂ ಅಷ್ಟ" ಎಂದರು.

ನಾನು ಮಂಚದ ಹತ್ತಿರ ಹೋಗಿ ನಿಂತೆ. ನನ್ನನ್ನು ನೋಡಿ ಮಾಸ್ತರು ಬಾಗಿಲ ಕಡೆ ಕಣ್ಣು ಹಾಯಿಸಿದರು.

"ಬಾಯಾರ, ಯಾರನ್ನ ಕರಕೊಂಡ ಬಂದೀರಿ?"

"ನಮ್ಮ ಮನೆಯವರನ್ನ. ಹಾವು ಕಚ್ಚೇತಿ. ಉಚ್ಚಿ ನಿಂತೈತಿ."

ಅವರು ಕಣ್ಣು ಮುಚ್ಚಿದರು. "ಇವತ್ತೊಂದ, ನಾಳೆ ಇನ್ನೊಂದ ಪಾಳಿ ನಂದೈತಿ. ಅವೆರಡ ಆಗ್ಲಿ. ಎದ್ದಬಿಡ್ತೇನಿ."

"ನಾಳೆ ಇವರು ಇರಂಗಿಲ್ಲಂತ್ರಿ ಮಾಸ್ತರ. ಇವತ್ತ ಏಳ್ರಿ."

ನಾನು ಮಂಚದ ಕಂಬಿ ಹಿಡಿದೆ. "ಬಾಡಿದ ಗಿಡಕ್ಕ ಮೊದಲ ಅಂತ ನೀವ ಹೇಳಿದ್ರಿ. ಫಕೀರವ್ವನ ಹೊಸ್ತಿಲದಾಗ ಕುಂತು ಬಂದವರು ನೀವು."

"ಹೇಳೇನಿ. ಹೇಳೂ ಮುಂದ ಸಸಾರ ಇತ್ತರಿ" ಎಂದರು. "ಉಸರ ನಿಂತಂಗ ಆಗತೈತಿ ಬಾಯಾರ. ನೀರಾಗ ಮುಳುಗಿಸಿ ಹಿಡದಂಗ. ಭಾಳ ಅಂಜಿಕಿ ಆಗತೈತಿ." ಹಾಗೆಂದು ಗೋಡೆಯ ಕಡೆ ಹೊರಳಿದರು. ಮತ್ತೆ ನಾನು ಎಷ್ಟು ಕರೆದರೂ ಈ ಕಡೆ ತಿರುಗಲಿಲ್ಲ.

ಮಾಸ್ತರರ ಉಳಿದ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ಮನೆಯವರು ಅಂದು ಸಂಜೆ ತೀರಿಕೊಂಡರು. ಕೆಲವು ವಾರಗಳ ಮೇಲೆ ಮಾಸ್ತರು ಊರಿಗೆ ಬಂದರು. ಅವರು ನಮ್ಮ ಮನೆಯವರನ್ನು ಉಳಿಸಲು ಆಸ್ಪತ್ರೆಯಲ್ಲೇ ಹಗಲು ರಾತ್ರಿ ನಿಂತಿದ್ದರಂತೆ, ಅದರಲ್ಲೇ ಅವರ ಆರೋಗ್ಯ ಕೆಟ್ಟಿತಂತೆ ಎಂದು ಜನ ಆಡಿಕೊಂಡರು. ಈ ಮಾತು ಎಲ್ಲಿ ಹುಟ್ಟಿತೋ ತಿಳಿಯದು. ಜನ ಅವರ ಮುಂದೆಯೇ ಅದನ್ನು ಹೇಳಿ ಕೈಮುಗಿದರು, ಅವರು ಅಲ್ಲ ಎನ್ನಲಿಲ್ಲ. ಒಮ್ಮೆ ಶಾಲೆಯ ಬಾಗಿಲಲ್ಲಿ ನನ್ನನ್ನು ತಡೆದು, "ಬೈರಿ ಬಾಯಾರ, ಬಾಯಿಗೆ ಬಂದಂಗ ಬೈದಬಿಡ್ರಿ" ಎಂದರು. "ನಿಮ್ಮ ಜಾಗಾದಾಗ ಇದ್ರ ನಾನೂ ಅಂಜತಿದ್ನೇನೋ. ಆದ್ರ ನಾ ಯಾರ ಹೊಸ್ತಿಲಕ್ಕೂ ಹೋಗಿ ನನ್ನ ಮಗಳದು ಒಣಗಿದ ಗಿಡ ಅಂತ ತಾಯಿ ಬಾಯಿಲೇ ಅನಿಸಿರಲಿಲ್ಲ" ಎಂದು ಹೇಳಿ ತರಗತಿಗೆ ಹೋದೆ. ಬೈಯಿಸಿಕೊಂಡು ಹಗುರಾಗುವ ಆಸೆ ಅವರಿಗೆ. ಅದನ್ನು ಪೂರೈಸುವ ಮನಸ್ಸು ನನಗಿರಲಿಲ್ಲ.

ನಿಜ ಸಂಗತಿಯನ್ನು ನಾನು ಹೇಳಿದ್ದು ಫಕೀರವ್ವನಿಗೆ ಒಬ್ಬಳಿಗೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿದ ಮೇಲೂ ಬಡಿಯುತ್ತಲೇ ಇದ್ದಳು. ಕೊನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, "ನನ್ನ ಮಗಳಿಗೆ ಅಂಜಿಕಿ ಇದ್ದಿಲ್ಲೇನ್ರಿ ಬಾಯಾರ?" ಎಂದು ಕೇಳಿದಳು. ಆ ವರ್ಷ ಮುಗಿಯುವ ಮೊದಲೇ ಮಾಸ್ತರು ಸತ್ತರು. ತಾಲೂಕಿಗೆ ತಾಲೂಕೇ ಅವರಿಗೆ ಮಣ್ಣು ಕೊಡಲು ಹೋಯಿತು. ನಾನು, ಫಕೀರವ್ವ ಹೋಗಲಿಲ್ಲ.

ಅವರ ಸಂಸ್ಥೆಯಿಂದ ಇಂದು ಜನ ಬದುಕುತ್ತಿದ್ದಾರೆ. ನಮ್ಮ ಓಣಿಯವರೇ ವಾರವಾರ ಹೋಗಿ ರಕ್ತ ತೊಳೆಸಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುತ್ತಾರೆ. ನೋವಿನ ಗುಳಿಗೆ ತಿನ್ನುವುದು ಕಡಿಮೆಯಾಗಿದೆ. ಇದೆಲ್ಲ ಆ ಮನುಷ್ಯನ ಕೆಲಸವೇ, ಅಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆದರೆ ಅವರು ನನಗೆ ಮೋಸ ಮಾಡಿದರು. ಅಂಜಿದ್ದು ಮೋಸವಲ್ಲ. ನಂಬಿಸಿದ್ದು ಮೋಸ. ಇಷ್ಟು ವರ್ಷವಾದರೂ ಆ ಸಿಟ್ಟು ನನ್ನಲ್ಲಿ ಹಾಗೇ ಇದೆ, ಇರಲಿ ಬಿಡಿ.

ಆ ದಿನ ಮಧ್ಯಾಹ್ನ, ಪಾಳಿ ಸುರುವಾಗುವ ಮೊದಲು, ಡಾಕ್ಟರು ಕೊನೆಯ ಸಲ ಮಾಸ್ತರರನ್ನು ಕೇಳಿ ನೋಡುತ್ತೇನೆಂದು ಹೇಳಿ, ನಮ್ಮ ಗಾಲಿಮಂಚವನ್ನು ಕೋಣೆಯ ಬಾಗಿಲವರೆಗೆ ತಳ್ಳಿಸಿದರು. ಕೇಳಿದರು. ಮಾಸ್ತರು ಗೋಡೆಗೆ ಮುಖ ಮಾಡಿಯೇ ಆಗದೆಂದು ತಲೆಯಾಡಿಸಿದರು. ಡಾಕ್ಟರು ಹೊರಟುಹೋದರು. ಆಗ ನಮ್ಮ ಮನೆಯವರಿಗೆ ಸ್ವಲ್ಪ ಎಚ್ಚರವಾಯಿತು. ತಲೆ ಎತ್ತು ಎಂದು ಸನ್ನೆ ಮಾಡಿದರು, ತೋಳಿನ ಮೇಲೆ ಎತ್ತಿ ಹಿಡಿದೆ. ಬಾತ ಕಣ್ಣು ಕಷ್ಟಪಟ್ಟು ತೆರೆದು ಮಂಚದ ಮೇಲಿನ ಮಾಸ್ತರರನ್ನು ಕಂಡರು. ಮುಖವೆಲ್ಲ ನಗುವಾಯಿತು.

"ನೋಡಲ್ಲೆ, ಮಾಸ್ತರ ನಮಗಿಂತ ಮೊದಲ ಬಂದು ನನ್ನ ಸಲುವಾಗಿ ಜಾಗಾ ಹಿಡದಾರ" ಎಂದರು. "ಬಸ್ಸಿನ್ಯಾಗಿನಂಗ ಬರೇ ಟವೆಲ್ ಹಾಸಿದ್ರ ಯಾರರ ಎತ್ತಿ ಒಗದಾರು ಅಂತ, ತಾವ ಮಲಗ್ಯಾರ. ದಣದಾರ, ನಿದ್ದಿ ಹತ್ತೇತಿ ಪಾಪ. ಎಬ್ಬಸಬ್ಯಾಡ. ತಾವ ಏಳ್ತಾರ."

ಮಾಸ್ತರರಿಗೆ ನಿದ್ದೆ ಹತ್ತಿರಲಿಲ್ಲ. ಅವರು ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡರು.